ಲಾಟ್ರುಂಕುಲಿ

ಪ್ರಾಚೀನ ರೋಮನ್ನರ ಮಣೆಯಾಟ. ಪೂರ್ಣ ಹೆಸರು ಲೂಡುಸ್ ಲಾಟ್ರುಂಕುಲೋರುಮ್. ದಾಳ ಉರುಳಿಸದೆ, ಲೆಕ್ಕಾಚಾರವನ್ನೇ ನೆಚ್ಚಿ ಇಬ್ಬರು ಆಡುತ್ತಿದ್ದ ಯುದ್ಧದ ಆಟ. ಗ್ರೀಕರ ಪೋಲಿಸ್ ಎಂಬ ಆಟವನ್ನು ಇದು ಬಹುಮಟ್ಟಿಗೆ ಹೋಲುತ್ತದೆ.

ಆಟದ ಕ್ರಮ: ಮಣೆಯಲ್ಲಿ ಚೌಕಮನೆಗಳಿರುತ್ತಿದ್ದವು. ದೊರೆತ ಮಣೆಗಳು ಒಂದೇ ಅಳತೆಯವಲ್ಲ. 8×8, 7×8 ಮನೆಗಳವು ಸಿಕ್ಕಿವೆ. ಎದುರಾಳಿಯ ಒಂದು ಕಾಯಿಯನ್ನು ತನ್ನ ಎರಡು ಕಾಯಿಗಳ ನಡುವೆ ಸಿಲುಕಿಸಿ ಹೊಡೆಯುವುದು ಮುಖ್ಯ ನಿಯಮ. ಕಾಯಿಗಳನ್ನು ಗಾಜು, ಮೂಳೆ, ಕಲ್ಲು ಅಥವಾ ಸುಟ್ಟ ಮಣ್ಣಿನಿಂದ ಮಾಡುತ್ತಿದ್ದರು. ಎರಡು ಪಕ್ಷಗಳಿಗೆ ಬೇರೆ ಬೇರೆ ಬಣ್ಣ.

ಸಾಹಿತ್ಯಾಧಾರ: ಕ್ರಿ.ಪೂ. 1ನೆಯ ಶತಮಾನದಲ್ಲಿ ವಾರೊ ಈ ಆಟದ ಮಣೆಯನ್ನು ಪ್ರಸ್ತಾಪಿಸಿದ್ದಾನೆ. ಓವಿಡ್ ಮತ್ತು ಮಾರ್ಷಲ್ ಕವಿಗಳಲ್ಲೂ ಉಲ್ಲೇಖಗಳಿವೆ. ಕ್ರಿ.ಶ. 1ನೆಯ ಶತಮಾನದ ‘ಲಾವುಸ್ ಪಿಸೋನಿಸ್’ ಕಾವ್ಯ ಗಾಜಿನ ಕಾಯಿಗಳ ಕಾದಾಟವನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಚಕ್ರವರ್ತಿ ಕ್ಯಾಲಿಗುಲನಿಂದ ಮರಣದಂಡನೆಗೆ ಗುರಿಯಾದ ಯೂಲಿಯುಸ್ ಕಾನುಸ್, ತನ್ನನ್ನು ಕರೆದೊಯ್ಯಲು ಸೇನಾಧಿಕಾರಿ ಬಂದಾಗ ಈ ಆಟದಲ್ಲಿ ತೊಡಗಿದ್ದನೆಂದೂ, ಕಾಯಿಗಳನ್ನು ಎಣಿಸಿ, ತಾನು ಒಂದು ಕಾಯಿ ಮುಂದಿರುವುದಕ್ಕೆ ಆ ಅಧಿಕಾರಿಯನ್ನೇ ಸಾಕ್ಷಿಯಾಗಿಸಿದನೆಂದೂ ಸೆನೆಕ ಬರೆದಿದ್ದಾನೆ.

ಪುರಾತತ್ತ್ವ: ರೋಮನ್ ಬ್ರಿಟನ್ನಿನ ಕೋಟೆಗಳಲ್ಲಿ ಕಲ್ಲಿನ ಮಣೆಗಳು ಸಿಕ್ಕಿವೆ. ಇಂಗ್ಲೆಂಡಿನ ಕೋಲ್ಚೆಸ್ಟರ್ ಬಳಿಯ ಸ್ಟ್ಯಾನ್‌ವೇ ಸಮಾಧಿಯಲ್ಲಿ 1996ರಲ್ಲಿ ಮರದ ಮಣೆಯ ಅವಶೇಷದ ಮೇಲೆ ನೀಲಿ, ಬಿಳಿ ಗಾಜಿನ ಕಾಯಿಗಳು ಜೋಡಿಸಿದಂತೆಯೇ ದೊರೆತವು. ಅದು ಯಾವ ಆಟದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 2006ರಲ್ಲಿ ಸ್ಲೊವಾಕಿಯದ ಪೊಪ್ರಾಡ್‌ನಲ್ಲಿ 4ನೆಯ ಶತಮಾನದ ಸಮಾಧಿಯೊಂದರಿಂದಲೂ ಮರದ ಮಣೆ ಹೊರಬಂದಿತು.

ಸಂಪೂರ್ಣ ನಿಯಮಾವಳಿ ಯಾವ ಗ್ರಂಥದಲ್ಲೂ ಉಳಿದಿಲ್ಲ. ಈಗ ಆಡುವ ರೂಪಗಳೆಲ್ಲ ಆಧುನಿಕ ಪುನಾರಚನೆಗಳು.