ಹಾಡಿನ ಆಸೆ, ಒಳಗಿನ ಆಸೆ

ನಮ್ಮಮ್ಮ ಭಾನುವಾರದ ಆರಾಧನೆಯಲ್ಲಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಲೋಕದ ಆಸ್ತಿ ಬೇಡ, ಪರಲೋಕದ ಮನೆ ಸಾಕು ಎನ್ನುವ ಅರ್ಥದ ಹಾಡುಗಳೆಂದರೆ ಅವಳಿಗೆ ಪ್ರಾಣ. ಮಂಡಿ ಮೊಹಲ್ಲಾದ ಬಾಡಿಗೆ ಮನೆಗೆ ಬಂದು, ಸೀರೆ ಮಡಿಸಿಡುತ್ತಾ ಅಪ್ಪನನ್ನು ಕೇಳುತ್ತಿದ್ದುದು ಮಾತ್ರ ಒಂದೇ ಪ್ರಶ್ನೆ: "ರೀ, ಸೈಟಿನ ಅರ್ಜಿ ಏನಾಯ್ತು?"

ಹದಿನಾರರ ನನಗೆ ನಗು ಬಂತು. "ಈಗ ತಾನೆ ಮನೆ ಬೇಡ ಅಂತ ಹಾಡಿ ಬಂದೆಯಲ್ಲಮ್ಮ?" ಎಂದೆ. ಅಮ್ಮ ಸಿಟ್ಟಾಗಲಿಲ್ಲ. "ಅದು ಹಾಡು ಕಣೇ" ಎಂದು ಅಡುಗೆಮನೆಗೆ ಹೋದಳು.

ನಾನೇ ಟೀಚರಾಗಿ ಮಕ್ಕಳಿಗೆ ಪದ್ಯ ಕಲಿಸತೊಡಗಿದ ಮೇಲೆ ಆ ಮಾತು ಮತ್ತೆ ಮತ್ತೆ ಕಾಡಿತು. ಬಾಯಿ ಹಾಡುವುದೊಂದು, ಮನಸ್ಸು ಬೇಡುವುದೊಂದು ಆದರೆ ಅದು ಸುಳ್ಳಲ್ಲವೆ?

ನಾವು ಹಾಡುವ ಹಾಡುಗಳಲ್ಲಿ ಅನೇಕವು ದೂರದಿಂದ ಬಂದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಹಾಡುಗಳನ್ನು ಕನ್ನಡಕ್ಕೆ ತಂದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ ನೆಲೆಯೂರಿತು. ಪರದೇಶದ ರಾಗಕ್ಕೆ ಹೊಂದಿಸಿದ ಕನ್ನಡ ಎಷ್ಟೋ ಕಡೆ ಎಡವುತ್ತದೆ. ನಿಘಂಟಿನ ಕಿಟೆಲ್ ಸಾಹೇಬರಿಗೆ ಇದು ತಿಳಿದಿತ್ತೇನೋ, 1862ರ ತಮ್ಮ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. ಕಥೋಲಿಕರ ಬಲಿಪೂಜೆಯಂತೂ 1962–65ರ ಎರಡನೆಯ ವ್ಯಾಟಿಕನ್ ಸಭೆಯವರೆಗೆ ಲ್ಯಾಟಿನ್ನಿನಲ್ಲೇ ಇತ್ತು. ಅರ್ಥವಾಗದ ಮಾತಿನಲ್ಲಿ ಯಾರ ಆಸೆ ಕಂಡೀತು? ಆದರೂ ನಮ್ಮೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವ ಹೆಂಗಸು, ಹಾಡು ಯಾವ ಭಾಷೆಯದಾದರೂ, ಬೇಡುವುದು ಮಗಳ ಮದುವೆಯನ್ನೋ ಗಂಡನ ಆರೋಗ್ಯವನ್ನೋ.

ಹಾಗೆಂದು ಹಾಡು ಕಟ್ಟಿದವರೇನೂ ಸುಖದಲ್ಲಿ ಕುಳಿತವರಲ್ಲ. ಜಗತ್ತಿನಾದ್ಯಂತ ಹಾಡುವ ಒಂದು ಕೃತಜ್ಞತೆಯ ಗೀತೆಯನ್ನು ಬರೆದವರು ಜರ್ಮನಿಯ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿ. ಮೂವತ್ತು ವರ್ಷಗಳ ಯುದ್ಧದ ನಡುವೆ, 1637ರಲ್ಲಿ ಅವರ ಊರಿಗೆ ಪ್ಲೇಗ್ ಬಂತು. ಸಾವಿರಾರು ಜನರನ್ನು ಮಣ್ಣು ಮಾಡಿದರು, ಹೆಂಡತಿಯನ್ನೂ ಕಳೆದುಕೊಂಡರು. 1780ರಲ್ಲಿ ಜಾನ್ ವೆಸ್ಲಿ ಹೊರತಂದ ಹಾಡಿನ ಪುಸ್ತಕದಲ್ಲಿ ಸಂತೋಷಪಡುವವರಿಗೆ, ಹೋರಾಡುವವರಿಗೆ, ಕಷ್ಟಪಡುವವರಿಗೆ ಎಂದು ಬೇರೆ ಬೇರೆ ಭಾಗಗಳೇ ಇವೆ. ಬೈಬಲಿನ 150 ಕೀರ್ತನೆಗಳಲ್ಲಿ ದೂರು, ಸಿಟ್ಟು, ಅಳು ಎಲ್ಲವೂ ಇದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ನಾವು ಓದುತ್ತೇವೆ. ಹಾಡಿದ್ದು ನನಗೆ ನೆನಪಿಲ್ಲ.

ಸೈಟು ತಡವಾಗಿ ಬಂತು. ಅಮ್ಮ ಸ್ವಂತ ಮನೆಯಲ್ಲಿ ಬಾಳಿದ್ದು ನಾಲ್ಕೇ ವರ್ಷ. ಕಡೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕುಳಿತಿದ್ದಾಗ, ಅದೇ ಪರಲೋಕದ ಮನೆಯ ಹಾಡು ಹೇಳು ಎಂದಳು. ಹಾಡಿದೆ. ನನಗೆ ಬೇಕಾಗಿದ್ದುದು ಅವಳು ಉಳಿಯುವುದು. ನನ್ನ ಬಾಯಲ್ಲಿದ್ದುದು ಅವಳನ್ನು ಕಳುಹಿಸುವ ಮಾತು. ಒಂದು ಪದವೂ ನನ್ನದಾಗಿರಲಿಲ್ಲ. ಆದರೆ ಅಮ್ಮನ ಮುಖ ನೋಡಿದರೆ, ಅಂದು ಪ್ರತಿಯೊಂದು ಪದವೂ ಅವಳದಾಗಿತ್ತು.

ಬೆಳೆಯುವ ಹುಡುಗಿಗೆ ಲಂಗ ಹೊಲಿಸುವಾಗ ಉದ್ದವಾಗಿಯೇ ಹೊಲಿಸಿ ಕೆಳಗೆ ಮಡಿಕೆ ಹಾಕಿಸುತ್ತಿದ್ದೆವಲ್ಲ, ಹಾಡೂ ಹಾಗೆಯೇ ಇರಬೇಕು. ಅಮ್ಮ ನಲವತ್ತು ವರ್ಷ ಮಡಿಕೆ ಹಾಕಿಕೊಂಡೇ ಉಟ್ಟಿದ್ದಳು. ಕಡೆಗೆ ಅದು ಅವಳ ಅಳತೆಗೆ ಬಂತು. ಅದನ್ನು ಸುಳ್ಳು ಎನ್ನಲು ಇನ್ನು ನನಗೆ ಬಾಯಿ ಬಾರದು.

ಆದರೂ ಒಂದು ಕೊರಗು ಉಳಿದಿದೆ. ಯೇಸುಸ್ವಾಮಿ ತಾನೇ ಕಲಿಸಿದ ಪ್ರಾರ್ಥನೆಯಲ್ಲಿ ಅಂದಂದಿನ ಊಟವನ್ನು ಬೇಡಲು ನಾಚಬೇಡಿ ಎಂದಂತಿದೆ. ಐದು ಮಕ್ಕಳನ್ನು ಬಾಡಿಗೆ ಮನೆಯಲ್ಲಿ ಸಾಕಿದ ಹೆಂಗಸು ಒಂದು ಸೂರನ್ನು ಬೇಡಿಕೊಳ್ಳುವ ಹಾಡೂ ನಮ್ಮ ಪುಸ್ತಕದಲ್ಲಿದ್ದಿದ್ದರೆ, ಅಮ್ಮ ಅದನ್ನು ಕಣ್ಣು ತೆರೆದೇ ಹಾಡುತ್ತಿದ್ದಳು.