ನಂದಿಯ ನೀರು, ಕೋಡಿಯ ಮೀನು

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಹಾದು, ಹೊಸೂರಿನತ್ತ ತಮಿಳುನಾಡಿಗಿಳಿದು, ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ನಮ್ಮ ಯಲಹಂಕ ಕೆರೆಯ ನೀರೂ ಜಕ್ಕೂರು, ರಾಚೇನಹಳ್ಳಿ ಕೆರೆಗಳ ಮೂಲಕ ಕೊನೆಗೆ ಹೋಗುವುದು ಅಲ್ಲಿಗೇ.

ಕೋಡಿ ಬಿದ್ದ ದಿನ ನಮ್ಮಜ್ಜ ಕಾಲುವೆಗೆ ಬಿದಿರಿನ ಕೂಳಿ ಒಡ್ಡುತ್ತಿದ್ದರು. ಕೆಸರುಬಣ್ಣದ ಕೊರವ, ಮಿರುಗುವ ಗೆಂಡೆ, ಮುಟ್ಟಿದರೆ ಚುಚ್ಚುವ ಚೇಳುಮೀನು ಅದರೊಳಗೆ ಪಟಪಟನೆ ಒದ್ದಾಡುತ್ತಿದ್ದವು. ಕೆರೆಗಳಿಗೆ ಆಮೇಲೆ ಗಂಗೆಯ ಸೀಮೆಯ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟರು. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಮೂಲದ ಜಿಲೇಬಿ ಮೀನೂ ಸೇರಿಕೊಂಡು, ಊರಿನ ಮೀನುಗಳ ಮೇವಿಗೆ ಪಾಲುದಾರನಾಯಿತು.

ಮಳೆಗಾಲದಲ್ಲಿ ಮೊಟ್ಟೆಯಿಡಲು ಎದುರುನೀರಿಗೆ ಏರುವ ಮೀನಿಗೆ ದಾರಿ ಬೇಕು. ಕೆರೆಯ ದಡ ಸಿಂಗರಿಸಿದರೆ ಸಾಲದು, ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಯನ್ನು ಒತ್ತುವರಿಯಿಂದಲೂ ಕೊಳಚೆಯಿಂದಲೂ ಉಳಿಸಿಕೊಳ್ಳಲೇಬೇಕು.