ಉಳಿದ ಭ್ರೂಣ ಯಾರದು?

ಮುಧೋಳ ತಾಲ್ಲೂಕಿನ ಲೋಕಾಪುರದಂಥ ಊರಿನಿಂದ ಮಕ್ಕಳಿಲ್ಲದ ದಂಪತಿ ಬಸ್ಸು ಹತ್ತಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಹರಕೆ, ಔಷಧ, ಪಥ್ಯ ಎಲ್ಲ ಮುಗಿದ ಮೇಲೆ ಅವರು ಪ್ರಣಾಳ ಶಿಶುವಿನ ಚಿಕಿತ್ಸೆಗೆ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ. ಆಸ್ಪತ್ರೆಯಲ್ಲಿ ಸಹಿಗಾಗಿ ಹಲವು ಕಾಗದಗಳು ಎದುರು ಬರುತ್ತವೆ. ಅವುಗಳಲ್ಲಿ ಒಂದು, ಚಿಕಿತ್ಸೆಯಲ್ಲಿ ಬಳಸದೆ ಉಳಿಯುವ ಭ್ರೂಣಗಳನ್ನು ಏನು ಮಾಡಬೇಕು ಎಂಬುದನ್ನು ಕುರಿತದ್ದು. ಮಗುವಿನ ಆಸೆಯಲ್ಲಿರುವವರು ಅದನ್ನು ಓದದೆಯೇ ಸಹಿ ಹಾಕುವುದುಂಟು. ಆದರೆ ಆ ಒಂದು ಸಹಿಯ ಹಿಂದೆ ನಾಲ್ಕು ದಶಕಗಳ ವಾದ ವಿವಾದವಿದೆ. ಆ ಇತಿಹಾಸದಲ್ಲಿ ನಮ್ಮ ಬೆಂಗಳೂರಿನ ಪಾತ್ರವೂ ಇದೆ.

ಭ್ರೂಣಗಳು ಉಳಿಯುವುದಾದರೂ ಏಕೆ? ಈ ಚಿಕಿತ್ಸೆಯಲ್ಲಿ ಹೆಂಗಸಿನ ದೇಹದಿಂದ ಒಂದೇ ಸಲಕ್ಕೆ ಹಲವು ಅಂಡಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಫಲಗೊಳಿಸುತ್ತಾರೆ. ಒಂದೋ ಎರಡೋ ಭ್ರೂಣಗಳನ್ನು ಗರ್ಭಕೋಶಕ್ಕೆ ಸೇರಿಸಿ, ಮಿಕ್ಕವನ್ನು ದ್ರವ ಸಾರಜನಕದಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಿಡುತ್ತಾರೆ. ಮೊದಲ ಯತ್ನ ಫಲಿಸದಿದ್ದರೆ ಮತ್ತೊಮ್ಮೆ ಬಳಸಬಹುದು ಎಂಬುದು ಉದ್ದೇಶ.

ಜಗತ್ತಿನ ಮೊದಲ ಪ್ರಣಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಎರಡು ತಿಂಗಳು ಕಳೆದು, ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹೆಣ್ಣು ಮಗು ಹುಟ್ಟಿತು. ಅವರು ಬಳಸಿದ್ದು ಶೀತಲೀಕರಿಸಿಟ್ಟ ಭ್ರೂಣವನ್ನು. ಆದರೆ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ನೊಂದ ಆ ವೈದ್ಯರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಸಾಧನೆಗೆ ಮನ್ನಣೆ ಸಿಕ್ಕಿದ್ದು ಬಹಳ ವರ್ಷಗಳ ನಂತರ. ಹೊಸ ವಿದ್ಯೆ ನಮ್ಮಲ್ಲಿಗೆ ಬೇಗನೇ ಬಂತು. ಅದನ್ನು ಅಳೆಯುವ ಗೋಲಾಗಲಿ, ಆಳುವ ಕಾನೂನಾಗಲಿ ನಮ್ಮಲ್ಲಿ ಇರಲಿಲ್ಲ.

ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ತತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಪ್ರಯೋಗಾಲಯದಲ್ಲಿ ಭ್ರೂಣವನ್ನು 14 ದಿನಗಳವರೆಗೆ ಮಾತ್ರ ಬೆಳೆಸಬಹುದು ಎಂದು ಅದು ಗೆರೆ ಎಳೆಯಿತು. 1990ರಲ್ಲಿ ಅದೇ ಕಾಯಿದೆಯಾಯಿತು. 14 ದಿನವೇ ಏಕೆಂದರೆ, ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಮುಂದಿನ ದೇಹದ ನಡುಗೆರೆ ಮೊದಲ ಸಲ ಮೂಡುತ್ತದೆ. ಅದಕ್ಕೆ ಮುಂಚೆ ಒಂದು ಭ್ರೂಣ ಒಡೆದು ಎರಡಾಗಿ ಅವಳಿಗಳಾಗಬಹುದು. ಒಂದೋ ಎರಡೋ ಎಂಬುದೇ ತೀರ್ಮಾನವಾಗದ್ದನ್ನು ಒಬ್ಬ ವ್ಯಕ್ತಿ ಎನ್ನುವುದು ಹೇಗೆ ಎಂಬುದು ಇಲ್ಲಿನ ತರ್ಕ.

ಈ ಪ್ರಶ್ನೆ ನಮಗೆ ಹೊಸತಲ್ಲ. ಗರ್ಭೋಪನಿಷತ್ತು ಗರ್ಭದ ಬೆಳವಣಿಗೆಯನ್ನು ಒಂದು ರಾತ್ರಿ, ಏಳು ರಾತ್ರಿ, ಅರ್ಧ ತಿಂಗಳು ಎಂದು ಎಣಿಸುತ್ತ ಹೋಗುತ್ತದೆ. ಅರ್ಧ ತಿಂಗಳಿಗೆ ಅದನ್ನು ಪಿಂಡವೆಂದು ಕರೆಯುತ್ತದೆ. ಇದರಿಂದ ಹಿಂದಿನವರಿಗೆ ಎಲ್ಲವೂ ಗೊತ್ತಿತ್ತೆಂದು ಹೇಳಬೇಕಾಗಿಲ್ಲ. ಗರ್ಭದಲ್ಲಿ ಮೆಟ್ಟಿಲುಗಳಿವೆ, ಎಲ್ಲ ಮೆಟ್ಟಿಲೂ ಒಂದೇ ಅಲ್ಲ ಎಂಬ ಯೋಚನೆ ಹಳೆಯದು ಎಂಬುದಷ್ಟೇ ತಾತ್ಪರ್ಯ.

1998ರಲ್ಲಿ ಈ ಚರ್ಚೆಗೆ ಹೊಸ ಕಾವು ಬಂತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್, ಚಿಕಿತ್ಸೆಯಲ್ಲಿ ಮಿಕ್ಕ ಭ್ರೂಣಗಳಿಂದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದರು. ಐದಾರು ದಿನಗಳ ಭ್ರೂಣದ ಒಳಭಾಗದಲ್ಲಿರುವ ಈ ಕೋಶಗಳು ಮುಂದೆ ನರ, ರಕ್ತ, ಹೃದಯ, ಹೀಗೆ ದೇಹದ ಯಾವ ಭಾಗವಾಗಿಯೂ ರೂಪುಗೊಳ್ಳಬಲ್ಲವು. ಒಮ್ಮೆ ಬೇರ್ಪಡಿಸಿದ ಕೋಶಗಳು ಪ್ರಯೋಗಾಲಯದಲ್ಲಿ ಹೆಚ್ಚುತ್ತಲೇ ಇರುತ್ತವೆ. ಅಂಥ ಒಂದೊಂದು ಸಂತತಿಗೂ ಕೋಶವಂಶ ಎನ್ನಬಹುದು. ಮಧುಮೇಹ, ಬೆನ್ನುಹುರಿಯ ಗಾಯಗಳಿಗೆ ಇದರಿಂದ ಮದ್ದು ಸಿಕ್ಕೀತೆಂಬ ಆಸೆ ಹುಟ್ಟಿತು. ತೊಡಕೆಂದರೆ, ಕೋಶಗಳನ್ನು ತೆಗೆದಾಗ ಭ್ರೂಣ ಉಳಿಯುವುದಿಲ್ಲ.

ಭ್ರೂಣ ನಾಶವಾಗುವ ಸಂಶೋಧನೆಗೆ ಸರ್ಕಾರದ ಹಣ ಕೊಡಬಾರದೆಂದು ಅಮೆರಿಕದ ಸಂಸತ್ತು 1996ರಲ್ಲೇ ನಿಷೇಧಿಸಿತ್ತು. 2001ರ ಆಗಸ್ಟ್ 9ರಂದು ಅಧ್ಯಕ್ಷ ಜಾರ್ಜ್ ಬುಷ್ ನಡುದಾರಿಯೊಂದನ್ನು ಸಾರಿದರು: ಆ ದಿನಕ್ಕೆ ಮೊದಲೇ ಸಿದ್ಧವಾಗಿದ್ದ ಕೋಶವಂಶಗಳ ಮೇಲಿನ ಸಂಶೋಧನೆಗೆ ಮಾತ್ರ ಹಣ ಸಿಗುತ್ತದೆ. ಅವು ಚಿಕಿತ್ಸೆಯಲ್ಲಿ ಮಿಕ್ಕ ಭ್ರೂಣದಿಂದ ಬಂದಿರಬೇಕು, ದಂಪತಿ ತಿಳಿದು ಒಪ್ಪಿರಬೇಕು, ಹಣದ ಆಮಿಷ ಇರಬಾರದು.

ಅದೇ ತಿಂಗಳು ಪ್ರಕಟವಾದ ಪಟ್ಟಿಯಲ್ಲಿ ಜಗತ್ತಿನ 64 ಕೋಶವಂಶಗಳಿದ್ದವು. ಅವುಗಳಲ್ಲಿ 10 ಭಾರತದವು. ಏಳು ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್‌ನವು. ಮೂರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು. ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಈ ಕೇಂದ್ರ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಮುಂದೆ ಆ 64ರಲ್ಲಿ ವಿಜ್ಞಾನಿಗಳ ಬಳಕೆಗೆ ನಿಜವಾಗಿ ದೊರೆತವು ಸುಮಾರು ಇಪ್ಪತ್ತು ಮಾತ್ರ. ಆದರೆ ಆ ಪಟ್ಟಿ ನಮ್ಮ ಮುಂದೆ ಒಂದು ವಿಚಿತ್ರವನ್ನು ಇಟ್ಟಿತು. ಬೆಂಗಳೂರಿನ ಭ್ರೂಣಕೋಶಕ್ಕೆ ದಂಪತಿಯ ಒಪ್ಪಿಗೆ ಇತ್ತೇ ಎಂದು ಕೇಳುವ ನಿಯಮ ವಾಷಿಂಗ್ಟನ್ನಿನಲ್ಲಿತ್ತು. ದೆಹಲಿಯಲ್ಲಿ ಅಂಥ ಕಾಯಿದೆಯೇ ಇರಲಿಲ್ಲ. 1971ರ ಗರ್ಭಪಾತ ಕಾಯಿದೆ, 1994ರ ಲಿಂಗಪತ್ತೆ ನಿಷೇಧ ಕಾಯಿದೆಗಳಿದ್ದವು. ಅವೆರಡರ ಉದ್ದೇಶ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2000ದ ನೈತಿಕ ಮಾರ್ಗಸೂಚಿಯಷ್ಟೇ ಆಧಾರ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯಿದೆ. ಇಲ್ಲಿ ಕೂಸು ಬೆಳೆದು ದೊಡ್ಡದಾದರೂ ಕುಲಾವಿ ಸಿದ್ಧವಾಗಿರಲಿಲ್ಲ. 2005ರಲ್ಲಿ ಪ್ರಣಾಳ ಶಿಶು ಚಿಕಿತ್ಸಾಲಯಗಳಿಗೆ ಮಾರ್ಗಸೂಚಿ ಬಂತು. 2007ರಲ್ಲಿ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿ ಆಕರಕೋಶ ಸಂಶೋಧನೆಗೆ ಮಾರ್ಗಸೂಚಿ ಹೊರಡಿಸಿದವು. 14 ದಿನಗಳ ಮಿತಿ, ದಂಪತಿಯ ಒಪ್ಪಿಗೆ, ಭ್ರೂಣ ಮಾರಾಟಕ್ಕೆ ತಡೆ, ಪ್ರತಿ ಸಂಸ್ಥೆಯಲ್ಲೂ ಪರಿಶೀಲನಾ ಸಮಿತಿ, ಎಲ್ಲವೂ ಅದರಲ್ಲಿದ್ದವು.

ನಿಯಮ ಪಾಲಿಸಿಯೂ ಕೆಲಸ ಮಾಡಬಹುದೆಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬಿಟ್ಟ ಕಳಪೆ ದರ್ಜೆಯ ಭ್ರೂಣಗಳಿಂದ ಎರಡು ಕೋಶವಂಶಗಳನ್ನು ಪಡೆದು 2009ರಲ್ಲಿ ಪ್ರಕಟಿಸಿದರು. ಅವು ಬ್ರಿಟನ್ನಿನ ಆಕರಕೋಶ ಬ್ಯಾಂಕನ್ನೂ ಸೇರಿದವು.

ಆದರೆ ಮಾರ್ಗಸೂಚಿ ಎಂದರೆ ಬುದ್ಧಿಮಾತು. ಕೇಳದವನನ್ನು ಶಿಕ್ಷಿಸುವ ಬಲ ಅದಕ್ಕಿಲ್ಲ. ದೇಶದ ಹಲವೆಡೆ ಆಕರಕೋಶದ ಹೆಸರಿನಲ್ಲಿ ಸಾಬೀತಾಗದ ಚಿಕಿತ್ಸೆಗಳು ದುಡ್ಡಿಗೆ ಮಾರಾಟವಾದವು. 2013ರ ಪರಿಷ್ಕರಣೆಯಲ್ಲಿ ಮಾರ್ಗಸೂಚಿಯ ಹೆಸರಿನಿಂದ ‘ಚಿಕಿತ್ಸೆ’ ಎಂಬ ಪದವನ್ನೇ ಕೈಬಿಟ್ಟರು. ರಕ್ತ ಸಂಬಂಧದ ಕೆಲವು ರೋಗಗಳ ಹೊರತು ಉಳಿದದ್ದೆಲ್ಲ ಇನ್ನೂ ಪ್ರಯೋಗವೇ ಎಂದು 2017ರ ಮಾರ್ಗಸೂಚಿ ಹೇಳಿತು.

ಕೊನೆಗೆ ಶಾಸನದ ಬಲ ಬಂದದ್ದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯಿಂದ. ಅದು 2022ರ ಜನವರಿ 25ರಂದು ಜಾರಿಗೆ ಬಂತು. ಅದರಂತೆ ಭ್ರೂಣವನ್ನು ಹೆಚ್ಚೆಂದರೆ ಹತ್ತು ವರ್ಷ ಕಾಪಿಡಬಹುದು. ನಂತರ ಅದನ್ನು ನಶಿಸಲು ಬಿಡಬೇಕು. ಇಲ್ಲವೆ ದಂಪತಿಯ ಒಪ್ಪಿಗೆಯಿದ್ದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ದಾನವಾಗಿ ಕೊಡಬಹುದು. ಸಂಶೋಧನೆಗೆಂದು ಹೊರದೇಶಕ್ಕೆ ಕಳಿಸುವಂತಿಲ್ಲ. ಮಾರಿದವರಿಗೆ ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ. ಮತ್ತೆ ತಪ್ಪಿದರೆ 3ರಿಂದ 8 ವರ್ಷ ಸೆರೆವಾಸ ಮತ್ತು ಇನ್ನೂ ಹೆಚ್ಚಿನ ದಂಡ. ಆದರೂ ಆಕರಕೋಶ ಸಂಶೋಧನೆಗೆಂದೇ ಪ್ರತ್ಯೇಕ ಕಾಯಿದೆ ಇನ್ನೂ ಬಂದಿಲ್ಲ.

ಭ್ರೂಣ ವಸ್ತುವೋ ವ್ಯಕ್ತಿಯೋ? 1992ರಲ್ಲಿ ಅಮೆರಿಕದ ಟೆನ್ನೆಸ್ಸೀ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಎರಡೂ ಅಲ್ಲ, ಆದರೆ ವಿಶೇಷ ಗೌರವಕ್ಕೆ ಅರ್ಹ ಎಂದಿತು. 2024ರಲ್ಲಿ ಅಲಬಾಮಾದ ನ್ಯಾಯಾಲಯ ಶೀತಲೀಕರಿಸಿಟ್ಟ ಭ್ರೂಣಗಳೂ ಮಕ್ಕಳೇ ಎಂದು ತೀರ್ಪಿತ್ತಾಗ ಅಲ್ಲಿನ ಹಲವು ಚಿಕಿತ್ಸಾಲಯಗಳು ಕೆಲಸ ನಿಲ್ಲಿಸಿದವು. ಶಾಸನಸಭೆ ಆತುರದಲ್ಲಿ ರಕ್ಷಣೆಯ ಕಾಯಿದೆ ತರಬೇಕಾಯಿತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಚರ್ಮದ ಕೋಶಗಳನ್ನೇ ಆಕರಕೋಶಗಳಂತೆ ಮಾಡಿ ತೋರಿಸಿದ ಮೇಲೆ ಭ್ರೂಣದ ಮೇಲಿನ ಅವಲಂಬನೆ ತಗ್ಗಿದೆ, ನಿಂತಿಲ್ಲ.

ನಮ್ಮ ಕಾಯಿದೆ ಆ ದೊಡ್ಡ ಪ್ರಶ್ನೆಗೆ ಉತ್ತರ ಹೇಳಲು ಹೋಗಿಲ್ಲ. ಉಳಿದ ಭ್ರೂಣದ ದಾನ ದಂಪತಿಯ ಮಾತಿಲ್ಲದೆ ನಡೆಯದು ಎಂದಷ್ಟೇ ಹೇಳಿದೆ. ಸಣ್ಣದಾಗಿ ಕಂಡರೂ ಇದು ದೊಡ್ಡ ಮಾತು. ಆದರೆ ಆ ಮಾತಿಗೆ ಬೆಲೆ ಬರುವುದು ಕಾಗದವನ್ನು ಓದಿದಾಗ, ಓದಲು ಬಾರದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಾಗ. ಲೋಕಾಪುರದ ಬಸ್ಸಿನಲ್ಲಿ ಬಂದ ದಂಪತಿ ಸಹಿ ಹಾಕುವ ಮೊದಲು, ‘ಉಳಿದದ್ದು ಏನಾಗುತ್ತದೆ?’ ಎಂದು ಧೈರ್ಯವಾಗಿ ಕೇಳಬೇಕು. ಹಾಗೆ ಕೇಳುವ ಹಕ್ಕು ಈಗ ಅವರಿಗಿದೆ.